ಬಿಟ್ಟುಹೋದ ಒಂದು ಪದ

ಕಳೆದ ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ದಿನಪತ್ರಿಕೆಯನ್ನು ಮುಖಕ್ಕೆ ಅಡ್ಡವಾಗಿ ಹಿಡಿದು ಆರಾಮ ಕುರ್ಚಿಯಲ್ಲಿ ಒರಗಿದ್ದೆ. ಓದುತ್ತಿದ್ದೆನೆಂದರೆ ನಮ್ಮ ಮನೆಯವರು ಒಪ್ಪುವುದಿಲ್ಲ. ಹೊರಗೆ ಸಣ್ಣಗೆ ಮಳೆ ಹಿಡಿದಿತ್ತು. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಊಟದ ಮೇಜಿನ ಮೇಲೆ ಕಂಪಾಸು ಪೆಟ್ಟಿಗೆಯನ್ನು ಹರಡಿಕೊಂಡು ಕುಳಿತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು:

“ತಾತ, ಸರಿಯೋ ತಪ್ಪೋ ಹೇಳಿ. ಒಂದು ಕೋನದ ಎರಡು ಬಾಹುಗಳು ಇನ್ನೊಂದು ಕೋನದ ಎರಡು ಬಾಹುಗಳಿಗೆ ಕ್ರಮವಾಗಿ ಸಮಾಂತರವಾಗಿದ್ದರೆ ಆ ಎರಡು ಕೋನಗಳೂ ಸಮ.”

ಮೂವತ್ತೆರಡು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ರೇಖಾಗಣಿತ ಹೇಳಿದ ನಾಲಗೆ ನನ್ನದು. ಪತ್ರಿಕೆಯನ್ನು ಸರಿಸುವ ಶ್ರಮವನ್ನೂ ತೆಗೆದುಕೊಳ್ಳದೆ “ಸರಿ” ಎಂದುಬಿಟ್ಟೆ.

“ತಪ್ಪು” ಎಂದಳು ಹುಡುಗಿ.

ಪತ್ರಿಕೆಯನ್ನು ಮಡಿಸಿ ಎದ್ದುಹೋಗಿ ನೋಡಿದೆ. ಅವಳು ಮೊದಲು ಹಾಳೆಯ ಒಂದು ಮೂಲೆಯಲ್ಲಿ 60 ಡಿಗ್ರಿಯ ಕೋನವೊಂದನ್ನು ಬರೆದಿದ್ದಳು. ಇನ್ನೊಂದು ಮೂಲೆಯಲ್ಲಿ, ಅದರ ಬಾಹುಗಳಿಗೆ ಸಮಾಂತರವಾದ ಬಾಹುಗಳಿಂದ ಎರಡನೆಯ ಕೋನವನ್ನು ಬರೆದಿದ್ದಳು. ಅದೂ 60 ಡಿಗ್ರಿಯೇ. ಅಲ್ಲಿಯವರೆಗೆ ನನ್ನ ಮಾತಿಗೆ ಭಂಗವಿಲ್ಲ. ಆಮೇಲೆ ಅವಳು ಎರಡನೆಯ ಕೋನದ ಒಂದು ಬಾಹುವನ್ನು ಶೃಂಗದಿಂದ ಹಿಂದಕ್ಕೆ ಬೆಳೆಸಿದಳು; ಮುಂದಿನ ಭಾಗವನ್ನು ರಬ್ಬರಿನಿಂದ ಅಳಿಸಿದಳು. ಉಳಿದ ಬಾಹು ಅದೇ ಸರಳರೇಖೆಯ ಮೇಲಿದೆ. ಆದುದರಿಂದ ಅದು ಈಗಲೂ ಸಮಾಂತರವೇ. ಆದರೆ ಕೋನ? ಕೋನಮಾಪಕವನ್ನು ಇಟ್ಟು ತೋರಿಸಿದಳು: 120 ಡಿಗ್ರಿ.

ನಾನು ಸುಮ್ಮನೆ ನಿಂತೆ. ಆ ಚಿತ್ರವನ್ನು ನಾನು ಅದೇ ಮೊದಲ ಸಲ ನೋಡುತ್ತಿರಲಿಲ್ಲ.

ಬಹಳ ವರ್ಷಗಳ ಹಿಂದೆ ನನ್ನ ತರಗತಿಯ ಕಿರುಪರೀಕ್ಷೆಯೊಂದರಲ್ಲಿ ಇದೇ ಪ್ರಶ್ನೆಯನ್ನು ಕೊಟ್ಟಿದ್ದೆ. ಎರಡು ಅಂಕದ ಪ್ರಶ್ನೆ. ಮಕ್ಕಳೆಲ್ಲರೂ ನನ್ನ ಟಿಪ್ಪಣಿಯಲ್ಲಿ ಇದ್ದಂತೆಯೇ “ಸರಿ” ಎಂದು ಬರೆದಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ “ತಪ್ಪು” ಎಂದು ಬರೆದು, ಪಕ್ಕದಲ್ಲಿ ಸೊಟ್ಟಗೆ ಒಂದು ಚಿತ್ರ ಹಾಕಿದ್ದ. ಕೆಂಪು ಮಸಿಯಿಂದ ಅಡ್ಡಗೀಟು ಎಳೆದೆ. ಹುಡುಗ ಹಾಳೆಯನ್ನು ಹಿಡಿದು ನನ್ನ ಮೇಜಿನವರೆಗೆ ಬಂದ. “ಸಾರ್, ಹೀಗಾದರೆ?” ಎಂದ. ಗಂಟೆ ಹೊಡೆಯುವ ಹೊತ್ತು. ಪುಸ್ತಕಗಳ ರಾಶಿ ಇನ್ನೂ ಮುಂದಿತ್ತು. “ಟಿಪ್ಪಣಿಯಲ್ಲಿ ಏನಿದೆಯೋ ಅದನ್ನು ಓದಿಕೊ, ಹೋಗಿ ಕೂತುಕೊ” ಎಂದೆ. ಅವನು ಹೋಗಿ ಕುಳಿತ. ಆ ವರ್ಷ ಮತ್ತೆ ಅವನು ನನ್ನನ್ನು ಏನೂ ಕೇಳಲಿಲ್ಲ.

ತಪ್ಪು ಎಲ್ಲಿತ್ತು? ಟಿಪ್ಪಣಿ ನನ್ನದೇ. ಮಕ್ಕಳಿಗೆ ಬಾಯಿಪಾಠಕ್ಕೆ ಸುಲಭವಾಗಲೆಂದು ನಿಯಮವನ್ನು ಮೊಟಕು ಮಾಡಿ ಬರೆಸಿದ್ದೆ. ಪೂರ್ಣವಾಗಿ ಹೇಳುವುದಾದರೆ ಅದು ಹೀಗೆ: ಸಮಾಂತರವಾದ ಬಾಹುಗಳು ಎರಡೂ ಒಂದೇ ದಿಕ್ಕಿಗೆ, ಇಲ್ಲವೆ ಎರಡೂ ವಿರುದ್ಧ ದಿಕ್ಕಿಗೆ ಸಾಗಿದ್ದರೆ ಕೋನಗಳು ಸಮ, ಒಂದು ಬಾಹು ಒಂದೇ ದಿಕ್ಕಿಗೂ ಇನ್ನೊಂದು ವಿರುದ್ಧ ದಿಕ್ಕಿಗೂ ಸಾಗಿದ್ದರೆ ಕೋನಗಳ ಮೊತ್ತ 180 ಡಿಗ್ರಿ. ನಾನು ಮೊಟಕು ಮಾಡುವಾಗ ಬಿಟ್ಟುಹೋದ ಪದ ‘ದಿಕ್ಕು’.

ಇಷ್ಟು ವರ್ಷ ಅದು ನನ್ನ ಕಣ್ಣಿಗೆ ಬೀಳದೆ ಹೋದುದೇಕೆ? ನಮ್ಮ ಮನೆಯನ್ನು ಒಮ್ಮೆ ಸುತ್ತಿ ನೋಡಿದೆ. ಬಾಗಿಲು, ಕಿಟಕಿ, ಮೇಜು, ಪುಸ್ತಕ, ಗೋಡೆಯ ಮೇಲಿನ ಕ್ಯಾಲೆಂಡರು, ನೆಲದ ಕಲ್ಲು: ಎಲ್ಲವೂ ಲಂಬಕೋನ! ಕೋನ 90 ಡಿಗ್ರಿಯಾದಾಗ 180ರಲ್ಲಿ ಅದನ್ನು ಕಳೆದರೂ ಉಳಿಯುವುದು 90. ನಿಯಮ ತಪ್ಪಾಗಿದ್ದರೂ ಉತ್ತರ ಮಾತ್ರ ಪ್ರತಿಸಲವೂ ಸರಿಯಾಗಿಯೇ ಬರುತ್ತದೆ. ಬಡಗಿಯ ಮೂಲೆಮಟ್ಟವೂ ಗಾರೆಯವನ ತೂಕದ ಗುಂಡೂ ಸೇರಿ ಕಟ್ಟಿದ ಈ ಮನೆಯೆಲ್ಲ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು. ಸುಳ್ಳು ಬಯಲಾಗಬೇಕಾದರೆ ಒಂದು ಸೊಟ್ಟ ಚಿತ್ರವೇ ಬೇಕಾಯಿತು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳನ್ನು ಹಿಸುಕಿದರೆ ಸಾಕೆಂಬುದು ನಮ್ಮ ಅಡಿಗೆಮನೆಯ ನ್ಯಾಯ. ಒಂದೇ ಪಾತ್ರೆ, ಒಂದೇ ನೀರು, ಒಂದೇ ಉರಿ. ಒಂದು ಬೆಂದರೆ ಉಳಿದವೂ ಬೆಂದಿವೆಯೆಂದು ನಂಬಬಹುದು. ರೇಖಾಗಣಿತದಲ್ಲಿ ಈ ನ್ಯಾಯ ನಡೆಯುವುದಿಲ್ಲ. ಇಲ್ಲಿ ಬೆಂದ ಅಗುಳು ಸಾವಿರ ಸಿಕ್ಕಿದರೂ ಪಾತ್ರೆಯೆಲ್ಲ ಬೆಂದಿದೆಯೆಂದು ಹೇಳುವಂತಿಲ್ಲ. ಆದರೆ ಬೇಯದ ಅಗುಳು ಒಂದೇ ಒಂದು ಸಿಕ್ಕಿದರೆ “ಎಲ್ಲವೂ ಬೆಂದಿದೆ” ಎಂಬ ಮಾತು ಅಲ್ಲಿಗೇ ಮುಗಿಯಿತು. ಆ ಬೇಯದ ಅಗುಳಿಗೆ ಗಣಿತಜ್ಞರು ಪ್ರತ್ಯುದಾಹರಣೆ ಎಂದು ಹೆಸರಿಟ್ಟಿದ್ದಾರೆ. ಸರಿಯಿರಬಹುದೆಂದು ತೋರಿ, ಇನ್ನೂ ಸಾಧನೆಯಾಗದೆ ಇರುವ ಮಾತು ಊಹೆ. ಊಹೆಯನ್ನು ಸ್ಥಾಪಿಸುವುದು ಸಾಧನೆ, ಕೆಡವುವುದು ಪ್ರತ್ಯುದಾಹರಣೆ.

ಆದರೆ ಕಂಡ ಚಿತ್ರವೆಲ್ಲ ಪ್ರತ್ಯುದಾಹರಣೆಯಾಗಲಾರದು. ಅದು ಎರಡು ಕೆಲಸಗಳನ್ನು ಮಾಡಬೇಕು. ಊಹೆಯಲ್ಲಿ ಹೇಳಿದ ಷರತ್ತುಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸಬೇಕು. ಪಾಲಿಸಿಯೂ ಅದರ ತೀರ್ಮಾನವನ್ನು ಸುಳ್ಳಾಗಿಸಬೇಕು. ಬಾಹುಗಳು ಸಮಾಂತರವೇ ಅಲ್ಲದ ಚಿತ್ರವನ್ನು ಮೊಮ್ಮಗಳು ತಂದಿದ್ದರೆ ಅದು ಬರಿಯ ತಕರಾರಾಗುತ್ತಿತ್ತು.

ಒಂದು ಉದಾಹರಣೆಯನ್ನು ಈಗಲೇ ತಲೆಯೆತ್ತಿ ನೋಡಬಹುದು. ಎರಡು ಸರಳರೇಖೆಗಳು ಒಂದನ್ನೊಂದು ಕತ್ತರಿಸಿದಾಗ ಉಂಟಾಗುವ ಶೃಂಗಾಭಿಮುಖ ಕೋನಗಳು ಸಮವೆಂದು ನಾವೆಲ್ಲ ಕಲಿತಿದ್ದೇವೆ. ಇದನ್ನು ತಿರುಗಿಸಿ, “ಒಂದೇ ಶೃಂಗವುಳ್ಳ ಎರಡು ಕೋನಗಳು ಸಮವಾಗಿದ್ದರೆ ಅವು ಶೃಂಗಾಭಿಮುಖ ಕೋನಗಳು” ಎಂದರೆ? ಸೂರಿನಲ್ಲಿ ತೂಗುತ್ತಿರುವ ಮೂರು ರೆಕ್ಕೆಯ ಫ್ಯಾನು ನಿಂತಿರುವಾಗ ನೋಡಿರಿ. ರೆಕ್ಕೆಗಳ ನಡುವೆ ಮೂರು ಕೋನಗಳು, ಒಂದೊಂದೂ 120 ಡಿಗ್ರಿ, ಶೃಂಗ ಒಂದೇ. ಆದರೂ ಅವುಗಳಲ್ಲಿ ಯಾವ ಎರಡೂ ಶೃಂಗಾಭಿಮುಖವಲ್ಲ. ಫ್ಯಾನಿಗೆ ನಾಲ್ಕು ರೆಕ್ಕೆಗಳಿದ್ದರೆ ಎದುರುಬದುರಿನ ಕೋನಗಳನ್ನು ಕಂಡು ನಾವು ಮೋಸಹೋಗುತ್ತಿದ್ದೆವೋ ಏನೋ!

ಇದಕ್ಕಿಂತಲೂ ಕುಶಲವಾಗಿ ಅಡಗಿಕೊಳ್ಳುವ ತಪ್ಪೊಂದಿದೆ. ಎರಡು ತ್ರಿಭುಜಗಳಲ್ಲಿ ಎರಡು ಬಾಹುಗಳೂ ಅವುಗಳ ನಡುವಣ ಕೋನವೂ ಸಮವಾಗಿದ್ದರೆ ತ್ರಿಭುಜಗಳು ಸರ್ವಸಮ. ಮಕ್ಕಳು ಇದನ್ನು ‘ಬಾ–ಕೋ–ಬಾ’ ಎಂದು ಜಪಿಸುತ್ತಾರೆ. ಕ್ರಿಸ್ತಪೂರ್ವ ಸುಮಾರು 300ರಲ್ಲಿ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಮೊದಲನೆಯ ಪುಸ್ತಕದಲ್ಲಿ ಇದನ್ನು 4ನೆಯ ಪ್ರಮೇಯವಾಗಿ ಇಟ್ಟಿದ್ದಾನೆ. ಈಗ ‘ನಡುವಣ’ ಎಂಬ ಪದವನ್ನು ಬಿಟ್ಟು, “ಎರಡು ಬಾಹುಗಳೂ ಒಂದು ಕೋನವೂ ಸಮವಾಗಿದ್ದರೆ ಸಾಕು” ಎಂದು ಹೇಳಿ ನೋಡೋಣ. ಕಿವಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಕೈವಾರ ಅದನ್ನು ತಿಳಿಸುತ್ತದೆ. 10 ಸೆಂಟಿಮೀಟರಿನ ‘ಅ ಬ’ ಎಂಬ ರೇಖೆಯನ್ನು ಎಳೆಯಿರಿ. ‘ಅ’ ಬಿಂದುವಿನಲ್ಲಿ ಅದಕ್ಕೆ 30 ಡಿಗ್ರಿಯ ಕೋನದಲ್ಲಿ ಒಂದು ಉದ್ದನೆಯ ಓರೆಗೆರೆಯನ್ನು ಹಾಕಿರಿ. ಕೈವಾರವನ್ನು 6 ಸೆಂಟಿಮೀಟರಿಗೆ ಬಿಚ್ಚಿ, ಮುಳ್ಳನ್ನು ‘ಬ’ ಬಿಂದುವಿನಲ್ಲಿ ಊರಿ ಕಂಸವನ್ನು ತಿರುಗಿಸಿರಿ. ಕಂಸವು ಓರೆಗೆರೆಯನ್ನು ಒಂದು ಕಡೆಯಲ್ಲ, ಎರಡು ಕಡೆ ಕತ್ತರಿಸುತ್ತದೆ: ‘ಅ’ ಇಂದ ಸುಮಾರು 5.3 ಸೆಂಟಿಮೀಟರ್ ದೂರದಲ್ಲಿ ಒಮ್ಮೆ, ಸುಮಾರು 12 ಸೆಂಟಿಮೀಟರ್ ದೂರದಲ್ಲಿ ಇನ್ನೊಮ್ಮೆ. ಎರಡು ಬಿಂದುಗಳನ್ನೂ ‘ಬ’ಗೆ ಸೇರಿಸಿದರೆ ಎರಡು ತ್ರಿಭುಜಗಳಾದುವು. ಎರಡರಲ್ಲಿಯೂ 10 ಸೆಂಟಿಮೀಟರಿನ ಬಾಹುವಿದೆ, 6 ಸೆಂಟಿಮೀಟರಿನ ಬಾಹುವಿದೆ, 30 ಡಿಗ್ರಿಯ ಕೋನವಿದೆ. ಆದರೆ ಕಂಸ ಕತ್ತರಿಸಿದ ಕಡೆಯ ಕೋನವು ಒಂದರಲ್ಲಿ ಸುಮಾರು 56½ ಡಿಗ್ರಿ, ಇನ್ನೊಂದರಲ್ಲಿ ಸುಮಾರು 123½ ಡಿಗ್ರಿ.

ಇಲ್ಲಿಯೂ ಲಂಬಕೋನದ ಮಾಯೆಯನ್ನು ಗಮನಿಸಬೇಕು. 30 ಡಿಗ್ರಿಯ ಬದಲು 90 ಡಿಗ್ರಿಯನ್ನು ತೆಗೆದುಕೊಂಡಿದ್ದರೆ, ಕರ್ಣವೂ ಇನ್ನೊಂದು ಬಾಹುವೂ ಗೊತ್ತಾದ ಮಾತ್ರಕ್ಕೆ ತ್ರಿಭುಜದ ರೂಪ ಒಂದೇ ಆಗಿ ನಿಲ್ಲುತ್ತದೆ. ಲಂಬಕೋನ ತ್ರಿಭುಜಗಳನ್ನೇ ಬರೆದು ಬರೆದು ಪರೀಕ್ಷಿಸಿದವನು ‘ನಡುವಣ’ ಎಂಬ ಪದ ವ್ಯರ್ಥವೆಂದು ಸತ್ಯಪ್ರಮಾಣ ಮಾಡಿಯಾನು! ನಮಗೆ ರೂಢಿಯಾದ ಚಿತ್ರ ನಮ್ಮ ಊಹೆಯ ಗೆಳೆಯ. ಪರೀಕ್ಷೆಗೆ ಕರೆಯಬೇಕಾದುದು ಅಪರಿಚಿತರನ್ನು: ತೀರ ಚಪ್ಪಟೆಯಾದ ತ್ರಿಭುಜವನ್ನು, ಒಂದು ಪಕ್ಕಕ್ಕೆ ವಾಲಿದ ಚತುರ್ಭುಜವನ್ನು.

ವಾಲಿದ ಚತುರ್ಭುಜದ ಮಾತು ಬಂದಿತು. ನಮ್ಮ ದೇಶದ ಗಣಿತದ ಇತಿಹಾಸದಲ್ಲಿ ಅದಕ್ಕೊಂದು ಗೌರವದ ಸ್ಥಾನವಿದೆ. 628ರಲ್ಲಿ ಬ್ರಹ್ಮಗುಪ್ತನು ತನ್ನ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ, ನಾಲ್ಕು ಬಾಹುಗಳ ಅಳತೆಯಿಂದಲೇ ಚತುರ್ಭುಜದ ವಿಸ್ತೀರ್ಣವನ್ನು ಕಂಡುಹಿಡಿಯುವ ಸೊಗಸಾದ ಸೂತ್ರವನ್ನು ಕೊಟ್ಟನು. ಬಾಹುಗಳನ್ನು ಕೂಡಿಸಿ ಅರ್ಧಮಾಡಿ, ಆ ಅರ್ಧದಲ್ಲಿ ಒಂದೊಂದು ಬಾಹುವನ್ನೂ ಕಳೆದು, ನಾಲ್ಕು ಶೇಷಗಳನ್ನೂ ಗುಣಿಸಿ ವರ್ಗಮೂಲ ತೆಗೆಯುವುದು. ನಾಲ್ಕು ಮೂಲೆಗಳೂ ಒಂದು ವೃತ್ತದ ಮೇಲೆ ಕುಳಿತಿರುವ ಚತುರ್ಭುಜಕ್ಕೆ, ಅಂದರೆ ಎದುರು ಕೋನಗಳ ಮೊತ್ತ 180 ಡಿಗ್ರಿಯಾಗಿರುವ ಚತುರ್ಭುಜಕ್ಕೆ, ಈ ಸೂತ್ರ ಪೂರ್ಣವಾಗಿ ನಿಜ. ಆದರೆ ಸೂತ್ರವನ್ನು ಹೇಳುವ ಪದ್ಯದಲ್ಲಿ ಆ ನಿಬಂಧನೆಯ ಮಾತಿಲ್ಲ.

25 ಅಂಗುಲದ ನಾಲ್ಕು ಕಡ್ಡಿಗಳನ್ನು ಮೂಲೆಗಳಲ್ಲಿ ಸಡಿಲವಾಗಿ ಕಟ್ಟಿರಿ. ಚೌಕವಾಗಿ ನಿಲ್ಲಿಸಿದರೆ ವಿಸ್ತೀರ್ಣ 625 ಚದರ ಅಂಗುಲ. ಸೂತ್ರವೂ ಅಷ್ಟನ್ನೇ ಹೇಳುತ್ತದೆ. ಈಗ ಎದುರು ಮೂಲೆಗಳನ್ನು ಒತ್ತಿ ವಾಲಿಸಿರಿ. ಕರ್ಣಗಳು 30 ಮತ್ತು 40 ಅಂಗುಲವಾದಾಗ ವಿಸ್ತೀರ್ಣ 600ಕ್ಕೆ ಇಳಿಯುತ್ತದೆ. ಇನ್ನೂ ಒತ್ತಿ ಕರ್ಣಗಳನ್ನು 14 ಮತ್ತು 48 ಮಾಡಿದರೆ 336! ಕಡ್ಡಿಗಳು ಅವೇ, ಸೂತ್ರ ಹೇಳುವುದು ಅದೇ 625. ಬದಲಾದುವು ಕೋನಗಳು. ಮೊದಲು ವಾಲಿಸಿದಾಗಲೇ ಕಿರಿದಾದ ಎದುರು ಕೋನಗಳು ಸುಮಾರು 74 ಡಿಗ್ರಿಗೆ ಬಂದುವು. ಎರಡರ ಮೊತ್ತ 148, 180 ಅಲ್ಲ. 1150ರಲ್ಲಿ ‘ಲೀಲಾವತಿ’ಯನ್ನು ರಚಿಸಿದ ಭಾಸ್ಕರಾಚಾರ್ಯನು ಈ ದೋಷವನ್ನು ಎತ್ತಿ ಆಡಿದ್ದಾನೆ. ಬಾಹುಗಳು ಅವೇ ಆಗಿದ್ದರೂ ಕರ್ಣಗಳು ನಿಯತವಲ್ಲ. ಅಂದ ಮೇಲೆ ವಿಸ್ತೀರ್ಣ ಹೇಗೆ ನಿಯತವಾದೀತೆಂಬುದು ಅವನ ವಾದ. ಕರ್ಣವನ್ನೋ ಲಂಬವನ್ನೋ ಹೇಳದೆ ವಿಸ್ತೀರ್ಣ ಕೇಳುವವನನ್ನೂ, ಕೇಳಿದೊಡನೆ ಉತ್ತರ ಕೊಡುವವನನ್ನೂ ಅವನು ಚೆನ್ನಾಗಿಯೇ ಛೇಡಿಸಿದ್ದಾನೆ. ಪೂರ್ವಾಚಾರ್ಯನೆಂಬ ಗೌರವ ಅವನ ಬಾಯಿಯನ್ನು ಕಟ್ಟಲಿಲ್ಲ. ಅದರಿಂದ ಬ್ರಹ್ಮಗುಪ್ತನ ಸೂತ್ರ ಹಾಳಾಯಿತೇ? ಇಲ್ಲ. ಅದರ ಮೇರೆ ಎಲ್ಲಿಯವರೆಗೆಂಬುದು ಗೊತ್ತಾಯಿತು. ಮರದ ಗೇಟಿನ ಹಿಂಬದಿಗೆ ಬಡಗಿಯು ಮೂಲೆಯಿಂದ ಮೂಲೆಗೆ ಒಂದು ಓರೆಪಟ್ಟಿಯನ್ನು ಹೊಡೆಯುವುದೂ ಇದೇ ಕಾರಣಕ್ಕಾಗಿ: ನಾಲ್ಕು ಬಾಹುಗಳು ಕೋನವನ್ನು ಹಿಡಿದು ನಿಲ್ಲಿಸಲಾರವು, ಕರ್ಣ ನಿಲ್ಲಿಸುತ್ತದೆ.

ಇಷ್ಟು ಹೊತ್ತಿಗೆ ನನ್ನ ಗರ್ವ ಸಾಕಷ್ಟು ಇಳಿದಿತ್ತು. ಆದರೂ ಒಂದು ಕೊನೆಯ ಆಸರೆಯನ್ನು ಹಿಡಿದೆ. “ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ. ಇದನ್ನಾದರೂ ಯಾರೂ ಅಲುಗಿಸಲಾರರಷ್ಟೆ?” ಎಂದೆ. ಮೊಮ್ಮಗಳು ಯೋಚಿಸುತ್ತಿದ್ದಾಗ ನನಗೇ ಉತ್ತರ ಹೊಳೆಯಿತು. ಹಣ್ಣಿನ ತಟ್ಟೆಯಿಂದ ಒಂದು ಮೋಸಂಬಿಯನ್ನು ತೆಗೆದುಕೊಂಡೆ. ತೊಟ್ಟಿನಿಂದ ಬುಡಕ್ಕೆ ಸರಿಯಾಗಿ ಎರಡು ಹೋಳು; ಅದಕ್ಕೆ ಅಡ್ಡಲಾಗಿ ತೊಟ್ಟಿನಿಂದಲೇ ಇನ್ನೊಮ್ಮೆ ಕೊಯ್ದು ನಾಲ್ಕು; ಕೊನೆಗೆ ನಡುಮಟ್ಟದಲ್ಲಿ ಕೊಯ್ದು ಎಂಟು. ಒಂದು ಹೋಳನ್ನು ಎತ್ತಿ ಅದರ ಸಿಪ್ಪೆಯನ್ನು ತೋರಿಸಿದೆ. ಮೂರು ಅಂಚಿನ ತ್ರಿಭುಜ. ಮೂರು ಮೂಲೆಗಳೂ ಲಂಬಕೋನ. ಮೊತ್ತ 270 ಡಿಗ್ರಿ!

“ಹಣ್ಣು ತಿನ್ನುವುದಕ್ಕೋ ಅಳೆಯುವುದಕ್ಕೋ?” ಎಂದು ಒಳಗಿನಿಂದ ಬಂದ ನಮ್ಮ ಮನೆಯವರು ಉಳಿದ ಏಳು ಹೋಳುಗಳನ್ನು ಎತ್ತಿಕೊಂಡು ಹೋದರು.

ಇಲ್ಲಿ ಬಿಟ್ಟುಹೋದ ಪದ ‘ಸಮತಲ’. ಚಪ್ಪಟೆಯಾದ ಹಾಳೆಯ ಮೇಲೆ 180 ಎಂಬುದು ಸಾಧಿತವಾದ ಸತ್ಯ. ಅದನ್ನು ಯಾವ ಮೋಸಂಬಿಯೂ ಕೆಡವಲಾರದು. ಚೆಂಡಿನ ಮೈಮೇಲೆ ಅದು ಸಲ್ಲದು. ಇದು ಬರಿಯ ಹಣ್ಣಿನ ಚಮತ್ಕಾರವೂ ಅಲ್ಲ, ಏಕೆಂದರೆ ನಾವು ನಡೆದಾಡುವ ನೆಲವೂ ಒಂದು ದೊಡ್ಡ ಚೆಂಡಿನ ಮೈಯೇ. ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದನು. 1802ರ ಏಪ್ರಿಲ್ 10ರಂದು ಮದರಾಸಿನಲ್ಲಿ ಮತ್ತೊಂದು ಆಧಾರರೇಖೆಯ ಅಳತೆಯನ್ನು ಆರಂಭಿಸಿದನು. ಮುಂದೆ ಭರತಖಂಡದ ಉದ್ದಗಲಕ್ಕೂ ಹಬ್ಬಿದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಅದೇ ನಾಂದಿ. ಬೆಟ್ಟದಿಂದ ಬೆಟ್ಟಕ್ಕೆ ಗುರಿಯಿಟ್ಟು ತ್ರಿಭುಜಗಳನ್ನು ಹೆಣೆಯಲು ಅವನು ಬಳಸಿದ ಥಿಯೊಡೊಲೈಟ್ ಎಂಬ ಕೋನ ಅಳೆಯುವ ಯಂತ್ರ ಸುಮಾರು ಅರ್ಧ ಟನ್ನು ತೂಗುತ್ತಿತ್ತು. ಅಷ್ಟು ಭಾರದ ಯಂತ್ರ ಬೇಕಾದುದು ಸಣ್ಣ ಸಣ್ಣ ಅಂಶಗಳಿಗಾಗಿ. ಭೂಮಿಯ ಮೇಲೆ ಮೂರು ಬದಿಗಳೂ 50 ಕಿಲೋಮೀಟರಿರುವ ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿಗಿಂತ ಸುಮಾರು ಐದೂವರೆ ಸೆಕೆಂಡಿನಷ್ಟು ಹೆಚ್ಚು. ಸೆಕೆಂಡೆಂದರೆ ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು. ನಮ್ಮ ಮಕ್ಕಳ ಕಂಪಾಸು ಪೆಟ್ಟಿಗೆಯ ಕೋನಮಾಪಕಕ್ಕೆ ಅದು ಎಂದಿಗೂ ಕಾಣದು. ಸರ್ವೇಕ್ಷಕರು ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕಾಗಿತ್ತು. ಅಳತೆ ಸರಿಬಂದಿತೆಂಬ ಮಾತ್ರಕ್ಕೆ ಊಹೆ ಸಾಧಿತವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ದಿಕ್ಕು, ನಡುವಣ, ವೃತ್ತ, ಸಮತಲ. ನಾಲ್ಕು ಪ್ರತ್ಯುದಾಹರಣೆಗಳು ನಮಗೆ ತಂದುಕೊಟ್ಟ ನಾಲ್ಕು ಪದಗಳಿವು. ಒಂದೊಂದು ಚಿತ್ರವೂ ಒಂದು ಮಾತನ್ನು ಕೆಡವಿತು. ಕೆಡವಿದ ಜಾಗದಲ್ಲಿ ಗಟ್ಟಿಯಾದ ಇನ್ನೊಂದು ಮಾತನ್ನು ಕಟ್ಟಲು ಬೇಕಾದ ಕಲ್ಲನ್ನೂ ಕೈಗಿತ್ತಿತು. “ಹೀಗಾದರೆ?” ಎಂದು ಕೇಳುವ ಮಗು ಪಾಠಕ್ಕೆ ಅಡ್ಡಿಮಾಡುತ್ತಿಲ್ಲ; ಪಾಠದಿಂದ ಜಾರಿಬಿದ್ದ ಪದವೊಂದನ್ನು ಆಯ್ದು ತಂದುಕೊಡುತ್ತಿರಬಹುದು.

ಎಂದಿನಂತೆ ಈ ವಾರದ ಪ್ರಶ್ನೆ. ತ್ರಿಭುಜದ ಒಂದು ಬಾಹುವನ್ನು ಹೊರಕ್ಕೆ ಬೆಳೆಸಿದಾಗ ಉಂಟಾಗುವ ಬಾಹ್ಯಕೋನವು ಆ ತ್ರಿಭುಜದ ಪ್ರತಿಯೊಂದು ಒಳಕೋನಕ್ಕಿಂತಲೂ ದೊಡ್ಡದು. ಸರಿಯೋ, ತಪ್ಪೋ? ಮೂರು ಬಾಹುಗಳೂ ಸಮವಾಗಿರುವ ತ್ರಿಭುಜದಲ್ಲಿ ಇದು ನಿಜವೆಂದು ಮೊದಲೇ ಹೇಳಿಬಿಡುತ್ತೇನೆ. ಅಷ್ಟಕ್ಕೇ ತೃಪ್ತರಾಗಬಾರದೆಂದೂ ಹೇಳುತ್ತೇನೆ. ತಪ್ಪೆಂದು ಕಂಡವರು ಚಿತ್ರದ ಜೊತೆಗೆ, ಯಾವ ಪದವನ್ನು ಸೇರಿಸಿದರೆ ಮಾತು ಸರಿಯಾಗುತ್ತದೆಂಬುದನ್ನೂ ಬರೆದಿಟ್ಟುಕೊಳ್ಳಿರಿ. ಮುಂದಿನ ವಾರ ಹೋಲಿಸಿ ನೋಡೋಣ.

ಅಂದು ಸಂಜೆ ಹಿಂದಿನ ಬೆಂಚಿನ ಹುಡುಗನ ಕಥೆಯನ್ನು ಮೊಮ್ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಮೇಲೆ ಅವನ ಅಂಕ ಕೊಟ್ಟಿರಾ, ತಾತ?” ಎಂದು ಕೇಳಿದಳು. ಕೊಡಲಿಲ್ಲವೆಂದೆ. ಈಗ ಅವನೂ ಮಕ್ಕಳೊಂದಿಗನಾಗಿರಬಹುದು. ಅವನ ಮನೆಗೂ ಈ ಪತ್ರಿಕೆ ಬರುತ್ತಿರಬಹುದು. ಬರುತ್ತಿದ್ದರೆ ಅವನಿಗೆ ಹೇಳಬೇಕಾದುದು ಇಷ್ಟೇ: ನಿನ್ನ ಚಿತ್ರ ಸರಿಯಾಗಿತ್ತು, ಮಗು. ಎರಡಕ್ಕೆ ಎರಡು.